ಟಪಾಲಿನಲ್ಲಿ ಬಂದ ವಿದ್ಯೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ಜೀವನಕಥೆ



ಬಾರಾಮತಿಯ ಮನೆಗಳ ಸಾಲು ಮುಗಿದೊಡನೆ ಕಬ್ಬಿನ ಹೊಲಗಳು ಮೊದಲಾಗುತ್ತವೆ. ಒಂದು ಕಡೆಗೆ ನೀರಾ ಕಾಲುವೆಯ ನೀರು, ಇನ್ನೊಂದು ಕಡೆಗೆ ಬಾವಿಯ ನೀರು. ಆ ಬಾವಿಗಳ ದಂಡೆಯ ಮೇಲೆ ದುಡಿಯುವ ಪಂಪುಗಳನ್ನು ನೀವೆಲ್ಲರೂ ನೋಡಿದ್ದೀರಿ. ಕಬ್ಬು ಕಡಿಯಲೆಂದೋ ಕಟ್ಟಡದ ಕೆಲಸಕ್ಕೆಂದೋ ವಿಜಯಪುರ, ಕಲಬುರಗಿ, ಬೆಳಗಾವಿಗಳ ಕಡೆಯಿಂದ ಬಂದ ನಮ್ಮವರು ಅವುಗಳ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದು ದಣಿವಾರಿಸಿಕೊಂಡಿದ್ದಾರೆ. ಅಂಥ ಪಂಪುಗಳಲ್ಲಿ ಅನೇಕವುಗಳ ಮೈಮೇಲೆ ಕಿರ್ಲೋಸ್ಕರ ಎಂಬ ಹೆಸರು ಎರಕದ ಅಕ್ಷರಗಳಲ್ಲಿ ಮೂಡಿರುತ್ತದೆ.

ಒಂದು ದಿನ ಪಾಠದ ನಡುವೆ ಆ ಹೆಸರು ಯಾರದೆಂದು ನಾನು ಕೇಳಿದೆನು. ಒಬ್ಬನು ಅದೊಂದು ಕಂಪನಿಯೆಂದನು. ಒಬ್ಬಳು ಅದೊಂದು ರೈಲು ನಿಲ್ದಾಣವೆಂದಳು. ಎರಡೂ ನಿಜವೇ. ಆದರೆ ಕಂಪನಿಗೂ ನಿಲ್ದಾಣಕ್ಕೂ ಮೊದಲು ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯನು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವನು ಎಂಬುದನ್ನು ಬಲ್ಲವರು ತರಗತಿಯಲ್ಲಿ ಯಾರೂ ಇರಲಿಲ್ಲ. ಅದೇ ಸಂಜೆ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಯು ನನ್ನ ಬಳಿಗೆ ಬಂದನು. ಯಂತ್ರಗಳ ಕೆಲಸದಲ್ಲಿ ಅವನಿಗೆ ಬಹಳ ಆಸೆ. ಗಣಿತದಲ್ಲಿ ಗುಣಗಳು ಕಡಿಮೆ. ಶಾಲೆಯನ್ನು ಬಿಟ್ಟು ಗಾರೆ ಕೆಲಸಕ್ಕೆ ಹೋಗಬೇಕೆಂದು ಅವನು ಮನಸ್ಸಿನಲ್ಲೇ ನಿರ್ಧರಿಸಿಬಿಟ್ಟಿದ್ದನು. ಬಡವರ ಮನೆಯಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಪರಊರಿನಲ್ಲಿ ಬಾಳುವವನಿಗೆ ಯಂತ್ರವಿದ್ಯೆಯನ್ನು ಕಲಿಸುವವರು ಯಾರು ಎಂಬುದು ಅವನ ಪ್ರಶ್ನೆ. ಆಗ ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ಲಕ್ಷ್ಮಣರಾಯರ ಈ ಜೀವನಕಥೆಯೇ ಅವನಿಗೆ ನನ್ನ ಉತ್ತರ.

ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ನೆಯ ಇಸವಿ ಜೂನ್ ೨೦ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಅವರ ತಂದೆ ಕಾಶಿನಾಥಪಂತರು ವೇದಾಂತವನ್ನು ಅಭ್ಯಾಸ ಮಾಡಿದ ವಿದ್ವಾಂಸರು. ಕೊಂಕಣದ ಕಿರ್ಲೋಸಿ ಎಂಬ ಗ್ರಾಮದ ಮೂಲದವರಾದುದರಿಂದ ಮನೆತನಕ್ಕೆ ಕಿರ್ಲೋಸ್ಕರ ಎಂಬ ಅಡ್ಡಹೆಸರು ಬಂದಿತು. ಮನೆಯ ಮಾತು ಮರಾಠಿ, ಊರಿನ ಮಾತು ಕನ್ನಡ. ಮರಾಠಿ ಸಂಗೀತನಾಟಕದ ಪಿತಾಮಹರೆನಿಸಿ, ೧೮೮೦ರಲ್ಲಿ ಪುಣೆಯ ರಂಗಭೂಮಿಯ ಮೇಲೆ ಶಾಕುಂತಲವನ್ನು ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದೂ ಇದೇ ಗುರ್ಲಹೊಸೂರಿನಲ್ಲಿಯೇ. ನಾವು ಕನ್ನಡದ ಮನೆಮಾತನ್ನು ಕಟ್ಟಿಕೊಂಡು ಮರಾಠಿ ನಾಡಿಗೆ ಬಂದಿದ್ದೇವೆ; ಅವರ ಹಿರಿಯರು ಮರಾಠಿಯ ಮನೆಮಾತನ್ನು ಕಟ್ಟಿಕೊಂಡು ಕನ್ನಡ ನಾಡಿಗೆ ಬಂದಿದ್ದರು. ಗಡಿಯ ಎರಡೂ ಕಡೆಗೆ ಜನರು ಹೀಗೆ ಹೋಗಿ ಬಂದು ಮಾಡುತ್ತಲೇ ಇದ್ದಾರೆಂಬುದನ್ನು ನಾವು ಮರೆಯಬಾರದು.

ಬಾಲಕ ಲಕ್ಷ್ಮಣನು ಶಾಲೆಯ ಓದಿನಲ್ಲಿ ಹೆಸರು ಪಡೆದವನಲ್ಲ. ಪಂಡಿತರ ಮಗನಾದರೂ ಅವನ ಒಲವು ಪುಸ್ತಕಗಳ ಕಡೆಗಿರದೆ ಚಿತ್ರ ಮತ್ತು ಯಂತ್ರಗಳ ಕಡೆಗಿತ್ತು. ತಂದೆಗೆ ಇದು ಹಿಡಿಸಲಿಲ್ಲ. ಆದರೆ ಅಣ್ಣ ರಾಮೂಅಣ್ಣನವರು ತಮ್ಮನ ಬೆನ್ನಿಗೆ ನಿಂತರು. ೧೮೮೫ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಚಿತ್ರಕಾರನಾಗಬೇಕೆಂಬ ಹಂಬಲ ಫಲಿಸುವ ಕಾಲ ಬಂದಿತೆಂದು ಅವರು ಹಿಗ್ಗಿರಬೇಕು. ಆದರೆ ವಿಧಿಯ ಎಣಿಕೆ ಬೇರೆಯಾಗಿತ್ತು. ಎರಡು ವರ್ಷಗಳ ಅಭ್ಯಾಸದ ತರುವಾಯ ಅವರ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಹಾಡುಗಾರನಿಗೆ ಕಿವಿ ಕೇಳದಂತೆ, ಚಿತ್ರಗಾರನಿಗೆ ಬಣ್ಣ ಕಾಣದಾಯಿತು. ಹದಿನೆಂಟರ ಪ್ರಾಯದ ತರುಣನಿಗೆ ಇದಕ್ಕಿಂತ ದೊಡ್ಡ ಆಘಾತವು ಯಾವುದಿದ್ದೀತು?

ಅವರು ಕುಂಚವನ್ನು ಕೆಳಗಿಟ್ಟರು, ಪೆನ್ಸಿಲನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆಯನ್ನು ಬರೆಯಲು ಬಣ್ಣದ ಅವಶ್ಯಕತೆ ಏನು? ಗೆರೆ ನೇರವಾಗಿರಬೇಕು, ಅಳತೆ ಸರಿಯಾಗಿರಬೇಕು, ಅಷ್ಟೆ. ಆ ವಿದ್ಯೆಯಲ್ಲಿ ಅವರು ಪ್ರವೀಣರಾದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕ್ಷೆಯನ್ನು ಕಲಿಸುವ ಸಹಾಯಕ ಶಿಕ್ಷಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿಯ ಕಾರ್ಯಾಗಾರದಲ್ಲಿ ನಿಂತು ಕೈಯಾರೆ ಕೆಲಸ ಮಾಡಿ ಯಂತ್ರಗಳ ಮರ್ಮವನ್ನು ತಿಳಿದರು. ಎಂಜಿನಿಯರ್ ಪದವಿಯನ್ನು ಅವರು ಎಂದೂ ಪಡೆಯಲಿಲ್ಲ.

ಆ ದಿನಗಳಲ್ಲಿ ಸಾಯ್ಕಲ್ಲು ಮುಂಬಯಿಗೂ ಹೊಸದು. ಮೊದಲ ಬಾರಿಗೆ ಅದನ್ನು ಕಂಡಾಗ, ಇಂಥ ವಾಹನವು ತಮ್ಮ ಬೆಳಗಾವಿಯಲ್ಲಿಯೂ ಏಕೆ ಓಡಬಾರದೆಂದು ಅವರಿಗೆ ಅನಿಸಿತು. ೧೮೮೮ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ ಬಂಧುಗಳ ಸಾಯ್ಕಲ್ ಅಂಗಡಿಯು ಮೊದಲಾಯಿತು. ತಮ್ಮನು ಮುಂಬಯಿಯಲ್ಲಿ ಸಾಯ್ಕಲ್ಲನ್ನು ಕೊಂಡು ಕಳುಹಿಸುವನು, ಅಣ್ಣನು ಬೆಳಗಾವಿಯಲ್ಲಿ ಮಾರುವನು. ಇದು ಅವರ ಏರ್ಪಾಡು. ಒಂದು ಸಾಯ್ಕಲ್ಲಿನ ಬೆಲೆ ೭೦೦ರಿಂದ ೧೦೦೦ ರೂಪಾಯಿಗಳು! ಸವಾರಿಯನ್ನು ಕಲಿಸಲು ಬೇರೆ ೧೫ ರೂಪಾಯಿಗಳ ಶುಲ್ಕ. ದೂರದೇಶದಲ್ಲಿ ತಯಾರಾದ ವಸ್ತುವನ್ನು ತರಿಸಿ ಇಲ್ಲಿಯ ಗಿರಾಕಿಗೆ ಒಪ್ಪಿಸುವ ವ್ಯಾಪಾರವಿದು.

ಇಲ್ಲಿ ಒಂದು ಕ್ಷಣ ಲಕ್ಷ್ಮಣರಾಯರನ್ನು ಬಿಟ್ಟು, ಅದೇ ಕಾಲದ ಅಮೆರಿಕಕ್ಕೆ ಹೋಗಿಬರೋಣ. ಅಲ್ಲಿ ನಡೆಯುತ್ತಿದ್ದ ಒಂದು ಹೊಸ ವ್ಯಾಪಾರವನ್ನು ತಿಳಿಯದೆ ಅವರ ಮುಂದಿನ ಸಾಧನೆಯ ಅರ್ಥವಾಗಲಾರದು.

ಅಮೆರಿಕವು ವಿಸ್ತಾರವಾದ ದೇಶ. ರೈತನ ಮನೆಯಿಂದ ಪಟ್ಟಣವು ಬಹು ದೂರ. ಹಳ್ಳಿಯ ಅಂಗಡಿಕಾರನು ಹೇಳಿದ್ದೇ ಬೆಲೆ. ಊರೂರು ತಿರುಗಿ ಸರಕು ಮಾರುತ್ತಿದ್ದ ಮಾಂಟ್ಗೊಮರಿ ವಾರ್ಡ್ ಎಂಬವನು ಈ ಕಷ್ಟವನ್ನು ಕಣ್ಣಾರೆ ಕಂಡಿದ್ದನು. ಅವನು ೧೮೭೨ರಲ್ಲಿ ಶಿಕಾಗೋ ನಗರದಿಂದ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚುಹಾಕಿಸಿ ರೈತರಿಗೆ ಕಳುಹಿಸಿದನು. ಬೇಕಾದುದನ್ನು ಕಾಗದದಲ್ಲಿ ಬರೆದರೆ ಸಾಕು, ವಸ್ತು ಊರಿಗೆ ಬರುವುದು. ಮಿನೆಸೋಟ ಪ್ರಾಂತದ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸಿಯರ್ಸ್ ಎಂಬವನು ೧೮೮೬ರಲ್ಲಿ ಇದೇ ರೀತಿಯಲ್ಲಿ ಗಡಿಯಾರಗಳನ್ನು ಮಾರತೊಡಗಿದನು. ೧೮೯೬ರಲ್ಲಿ ಹಳ್ಳಿಗಳ ಮನೆಮನೆಗೂ ಟಪಾಲನ್ನು ತಲುಪಿಸುವ ಏರ್ಪಾಡೂ, ೧೯೧೩ರಲ್ಲಿ ಪಾರ್ಸೆಲ್ ಟಪಾಲೂ ಬಂದ ಮೇಲೆ ಈ ವ್ಯಾಪಾರವು ಬೆಟ್ಟದಂತೆ ಬೆಳೆಯಿತು. ಸೂಜಿಯಿಂದ ಹಿಡಿದು ನೇಗಿಲಿನವರೆಗೆ ಎಲ್ಲವನ್ನೂ ಚಿತ್ರಸಹಿತ ತೋರಿಸುವ ದಪ್ಪ ಪಟ್ಟಿಪುಸ್ತಕವು ಒಕ್ಕಲಿಗರ ಮನೆಗಳಿಗೆ ಬರತೊಡಗಿತು. ಸಿಯರ್ಸ್ ಕಂಪನಿಯ ಆ ದೊಡ್ಡ ಪಟ್ಟಿಪುಸ್ತಕವು ನಿಂತುಹೋದುದು ೧೯೯೩ರಲ್ಲಿ.

ಪಟ್ಟಿಪುಸ್ತಕಗಳ ಜೊತೆಯಲ್ಲಿಯೇ ಪತ್ರಿಕೆಗಳೂ ಬೆಳೆದವು. ೧೮೪೫ರಲ್ಲಿ ಹುಟ್ಟಿದ ಸೈಂಟಿಫಿಕ್ ಅಮೆರಿಕನ್ ಹೊಸ ಯಂತ್ರಗಳ ಸುದ್ದಿಯನ್ನು ಜನರಿಗೆ ಮುಟ್ಟಿಸುತ್ತಿತ್ತು. ೧೯೦೨ರಲ್ಲಿ ಪಾಪ್ಯುಲರ್ ಮೆಕ್ಯಾನಿಕ್ಸ್ ಬಂದಿತು. ಮನೆಯ ಅಂಗಳದಲ್ಲಿ ಯಂತ್ರಗಳೊಡನೆ ಆಟವಾಡುವ ಹವ್ಯಾಸಿಗಳಿಗೆ ಇವೇ ಗುರುಗಳು. ಯುರೋಪಿನ ಲಕ್ಸೆಂಬರ್ಗಿನಿಂದ ೧೯೦೪ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ತರುಣನು ನಿಸ್ತಂತು ಯಂತ್ರದ ಬಿಡಿಭಾಗಗಳನ್ನು ಟಪಾಲಿನ ಮೂಲಕ ಮಾರುತ್ತಿದ್ದನು. ಆ ಭಾಗಗಳನ್ನು ಜೋಡಿಸುವ ಬಗೆಯನ್ನು ಗಿರಾಕಿಗಳಿಗೆ ಹೇಳಬೇಕಲ್ಲವೇ? ಹೀಗೆ ಅವನ ಪಟ್ಟಿಪುಸ್ತಕವೇ ಬೆಳೆದು ೧೯೦೮ರಲ್ಲಿ ಮಾಡರ್ನ್ ಎಲೆಕ್ಟ್ರಿಕ್ಸ್ ಎಂಬ ಮಾಸಪತ್ರಿಕೆಯಾಯಿತು. ವಸ್ತುವನ್ನು ಮಾರಲು ಹೊರಟವನು ವಿದ್ಯೆಯನ್ನು ಹಂಚುವವನಾದನು. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಮತ್ತೆ ಬರುವುದು.

ನಮ್ಮ ದೇಶದಲ್ಲಿಯೂ ಟಪಾಲಿನ ಸೌಕರ್ಯಗಳು ಅದೇ ಕಾಲದಲ್ಲಿ ಬೆಳೆದವು. ೧೮೭೭ರಲ್ಲಿ ವಿ. ಪಿ. ಪದ್ಧತಿ ಬಂದಿತು. ಇದರಲ್ಲಿ ಟಪಾಲಿನವನೇ ಗಿರಾಕಿಯ ಕೈಗೆ ವಸ್ತುವನ್ನು ಕೊಟ್ಟು, ಬೆಲೆಯನ್ನು ಪಡೆದು, ಮಾರಿದವನಿಗೆ ಸಲ್ಲಿಸುತ್ತಾನೆ. ೧೮೭೯ರಲ್ಲಿ ಕಾಲಾಣೆಯ ಕಾರ್ಡು, ೧೮೮೦ರಲ್ಲಿ ಮನಿಯಾರ್ಡರು ಬಂದವು. ನಾನು ಚಿಕ್ಕವನಿದ್ದಾಗ ಒಂದು ವಾರಪತ್ರಿಕೆಯ ಜಾಹೀರಾತನ್ನು ಕಂಡು, ಅಜ್ಜನನ್ನು ಕಾಡಿ ಬೇಡಿ, ವಿ. ಪಿ. ಮೂಲಕ ಒಂದು ಸಣ್ಣ ರೇಡಿಯೋವನ್ನು ತರಿಸಿದ್ದೆನು. ಎಂಟು ದಿನ ಹಾಡಿ ಅದು ಮೂಕವಾಯಿತು. ನಾನು ಅತ್ತು, ಅದನ್ನು ಮಾಡದ ಮೇಲೆಸೆದೆನು. ಅದನ್ನು ಬಿಚ್ಚಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಲಕ್ಷ್ಮಣರಾಯರಿಗೂ ನನ್ನಂಥವರಿಗೂ ಇರುವ ಅಂತರವು ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ. ಟಪಾಲಿನಲ್ಲಿ ಬಂದುದನ್ನು ಬಳಸಿ ಬಿಸಾಡುವವನು ಗಿರಾಕಿ. ಅದನ್ನು ಬಿಚ್ಚಿ ನೋಡಿ ಕಲಿಯುವವನು ವಿದ್ಯಾರ್ಥಿ.

ಇನ್ನು ಮತ್ತೆ ಮುಂಬಯಿಗೆ ಬರೋಣ. ಲಕ್ಷ್ಮಣರಾಯರಿಗೆ ಸಲ್ಲಬೇಕಾಗಿದ್ದ ಬಡತಿಯು ಅವರನ್ನು ದಾಟಿ ಒಬ್ಬ ಆಂಗ್ಲೋ ಇಂಡಿಯನ್ನನಿಗೆ ಹೋಯಿತು. ಸ್ವಾಭಿಮಾನಿಯಾದ ಅವರು ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು. ತಿಂಗಳಿಗೆ ತಪ್ಪದೆ ಬರುವ ಸಂಬಳವನ್ನು ಬಿಡುವುದು ಎಷ್ಟು ಕಠಿಣವೆಂಬುದನ್ನು ಸಂಸಾರಸ್ಥರೇ ಬಲ್ಲರು. ಸಾಯ್ಕಲ್ ಅಂಗಡಿಯೇನೋ ಇತ್ತು. ಆದರೆ ಪರರು ಮಾಡಿದ ವಸ್ತುವನ್ನು ತಂದು ಮಾರುವುದರಲ್ಲಿ ಅವರ ಮನಸ್ಸಿಗೆ ತೃಪ್ತಿಯಿರಲಿಲ್ಲ. ತಾವೇ ಏನನ್ನಾದರೂ ತಯಾರಿಸಬೇಕೆಂಬುದು ಅವರ ಛಲ.

ಏನನ್ನು ತಯಾರಿಸಬೇಕು? ಹೇಗೆ ತಯಾರಿಸಬೇಕು? ಬೆಳಗಾವಿಯಲ್ಲಿ ಕೇಳೋಣವೆಂದರೆ ಬಲ್ಲವರಿಲ್ಲ. ಆಗ ಅವರ ನೆರವಿಗೆ ಬಂದುದು ಅಮೆರಿಕದಿಂದ ಬರುತ್ತಿದ್ದ ಪತ್ರಿಕೆಗಳೂ ಪುಸ್ತಕಗಳೂ. ಅವುಗಳನ್ನು ಓದಿ ಅಲ್ಲಿಯ ರೈತರ ಉಪಕರಣಗಳನ್ನು ಅವರು ತಿಳಿದುಕೊಂಡರು. ಇಂಗ್ಲಿಷ್ ಅವರ ಮನೆಯ ಮಾತಲ್ಲ. ಆದರೆ ನಕ್ಷೆಯ ಭಾಷೆಯನ್ನು ಅವರು ಬಲ್ಲವರಾಗಿದ್ದರು. ಬಣ್ಣವನ್ನರಿಯದ ಕಣ್ಣು ಕಪ್ಪು ಗೆರೆಯನ್ನು ಚೆನ್ನಾಗಿ ಅರಿಯಬಲ್ಲುದು. ಮುಂಬಯಿಯಲ್ಲಿ ಹುಡುಗರಿಗೆ ಕಲಿಸಿದ ವಿದ್ಯೆ ಈಗ ಸ್ವಂತಕ್ಕೆ ಒದಗಿತು. ಸಾವಿರಾರು ಹರದಾರಿ ದೂರದ ಗುರುವು ಟಪಾಲಿನ ಚೀಲದಲ್ಲಿ ಕುಳಿತು ಬೆಳಗಾವಿಗೆ ಬಂದನು.

ಮೊದಲು ಅವರು ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. ಜೋಳದ ಕಣಕಿಯನ್ನು ಹಾಗೆಯೇ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ತುಂಡುಮಾಡಿ ಹಾಕಿದರೆ ಎಲ್ಲವನ್ನೂ ತಿನ್ನುತ್ತವೆ. ಬರಗಾಲದ ಸೀಮೆಯಲ್ಲಿ ಇದರ ಬೆಲೆ ಏನೆಂಬುದನ್ನು ನಿಮ್ಮ ಅಜ್ಜಂದಿರನ್ನು ಕೇಳಿ ತಿಳಿಯಿರಿ. ಅನಂತರ, ೧೯೦೩ರಲ್ಲಿ, ಕಬ್ಬಿಣದ ನೇಗಿಲು ತಯಾರಾಯಿತು. ಕಟ್ಟಿಗೆಯ ನೇಗಿಲು ನೆಲವನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆಯು ಮಣ್ಣನ್ನು ಎತ್ತಿ ಹೊರಳಿಸಿ ಹಾಕುತ್ತದೆ. ಅದರಿಂದ ಕರಿಕೆಯ ಬೇರುಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ಕೆಳಗಿನ ಮಣ್ಣಿಗೆ ಗಾಳಿ ತಾಗುತ್ತದೆ.

ನೇಗಿಲೇನೋ ಆಯಿತು, ಕೊಳ್ಳುವವರಿಲ್ಲ. ಕಬ್ಬಿಣವು ಭೂತಾಯಿಯ ಒಡಲನ್ನು ಹೊಕ್ಕರೆ ನೆಲವು ವಿಷವಾಗುವುದೆಂದು ರೈತರು ಹೆದರಿದರು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವು! ಎರಡು ವರ್ಷಗಳೆಂದರೆ ಎರಡು ಮಳೆಗಾಲಗಳು, ಎರಡು ಸುಗ್ಗಿಗಳು. ಸಿದ್ಧವಾದ ಮಾಲು ಕಣ್ಣೆದುರು ಬಿದ್ದಿರುವಾಗ ಅವರ ಮನಸ್ಸಿನಲ್ಲಿ ಏನು ನಡೆದಿರಬಹುದು! ಮುಂಬಯಿಯ ಸಂಬಳವು ನೆನಪಾಗಿರಲಾರದೇ? ಆದರೆ ಅವರು ರೈತನನ್ನು ಮೂಢನೆಂದು ಜರಿದು ಕೈಬಿಡಲಿಲ್ಲ. ವರ್ಷದ ಅನ್ನವನ್ನು ಒಂದೇ ಹೊಲದಿಂದ ತೆಗೆಯುವವನು ಹೊಸ ವಸ್ತುವಿಗೆ ಅಂಜುವುದು ಸಹಜ. ಅವನ ಅಂಜಿಕೆಯನ್ನು ಬಿಡಿಸುವ ಹೊಣೆಯು ವಸ್ತುವನ್ನು ಮಾಡಿದವನದು. ಮೆಲ್ಲಮೆಲ್ಲನೆ ಬೇಡಿಕೆಯು ಬೆಳೆಯಿತು.

ಅಷ್ಟರಲ್ಲಿ ಇನ್ನೊಂದು ಸಂಕಟ ಒದಗಿತು. ಊರು ಬೆಳೆಯುತ್ತಿದ್ದುದರಿಂದ ಕಾರ್ಖಾನೆಯ ಸ್ಥಳವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆಯು ಆಜ್ಞೆ ಮಾಡಿತು. ಕಟ್ಟಿದ ಗೂಡನ್ನು ಕಿತ್ತು ಎಲ್ಲಿಗೆ ಒಯ್ಯಬೇಕು? ವಲಸೆಯ ಕಷ್ಟವನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆಗ ಔಂಧ ಸಂಸ್ಥಾನದ ಅಧಿಪತಿಗಳಾದ ಭವಾನರಾವ್ ಪಂತಪ್ರತಿನಿಧಿಯವರು ಅವರ ಕೈಹಿಡಿದರು. ಸ್ವತಃ ಚಿತ್ರಕಾರರೂ ಗುಣಗ್ರಾಹಿಗಳೂ ಆಗಿದ್ದ ಆ ಅರಸರು ಬಡ್ಡಿಯಿಲ್ಲದೆ ೧೦,೦೦೦ ರೂಪಾಯಿಗಳ ಸಾಲವನ್ನೂ, ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಬಳಿ ೩೨ ಎಕರೆ ಭೂಮಿಯನ್ನೂ ಕೊಟ್ಟರು.

ಆ ಭೂಮಿಯಾದರೋ ಬರಡು ನೆಲ. ಎಲ್ಲಿ ನೋಡಿದರೂ ಪಾಪಾಸುಕಳ್ಳಿ. ಕಳ್ಳಿಯ ಮೆಳೆಗಳಲ್ಲಿ ನಾಗರಹಾವುಗಳು. ಆದರೆ ಒಂದು ಅನುಕೂಲವಿತ್ತು. ಹತ್ತಿರದಲ್ಲಿಯೇ ರೈಲುಹಾದಿ. ಕಬ್ಬಿಣ ಬರಲಿಕ್ಕೂ ನೇಗಿಲು ಹೋಗಲಿಕ್ಕೂ ಅದೇ ಹಾದಿ. ಟಪಾಲು ಬರುವುದೂ ಅದರಲ್ಲಿಯೇ. ೧೯೧೦ನೆಯ ಇಸವಿ ಮಾರ್ಚ್ ೧೦ರಂದು ಅಲ್ಲಿ ಕಿರ್ಲೋಸ್ಕರವಾಡಿಯು ಸ್ಥಾಪಿತವಾಯಿತು. ೨೫ ಮಂದಿ ಕೆಲಸಗಾರರು ಸಂಸಾರಗಳೊಡನೆ ಬಂದು ನೆಲಸಿದರು. ಹಗಲು ಕಾರ್ಖಾನೆಯ ಕೆಲಸ, ಉಳಿದ ಹೊತ್ತಿನಲ್ಲಿ ಕಳ್ಳಿ ಕಡಿದು ನೆಲವನ್ನು ಹಸನುಗೊಳಿಸುವ ಕೆಲಸ. ವಿಲಾಯತಿ ಮತ್ತು ಅಮೆರಿಕಗಳಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿಯೇ ಊರುಗಳನ್ನು ಕಟ್ಟಿದ ಸಂಗತಿಯನ್ನು ಲಕ್ಷ್ಮಣರಾಯರು ತಿಳಿದಿದ್ದರು. ಅಂಥ ಊರನ್ನು ಕೃಷ್ಣಾ ಕಣಿವೆಯ ಬಯಲಿನಲ್ಲಿ ಕಟ್ಟಲು ಹೊರಟರು. ಪುಣೆಯಿಂದ ಮಿರಜದ ಮಾರ್ಗವಾಗಿ ಬೆಳಗಾವಿಗೆ ಹೋಗುವಾಗ ಕಿರ್ಲೋಸ್ಕರವಾಡಿಯ ನಿಲ್ದಾಣವು ದಾರಿಯಲ್ಲಿ ಸಿಗುತ್ತದೆ. ಹಿಂದಿನ ಕುಂಡಲ ರೋಡ್ ನಿಲ್ದಾಣವೇ ಅದು.

ಆ ಊರನ್ನು ಕಟ್ಟಿದವರು ಎಂಥವರೆಂಬುದನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅಣ್ಣ ರಾಮೂಅಣ್ಣನವರು ಊರಿನ ವ್ಯವಸ್ಥೆಯನ್ನು ವಹಿಸಿಕೊಂಡರು. ಶಂಭುರಾವ್ ಜಾಂಭೇಕರರು ಎಂಜಿನಿಯರಿಕೆಯ ಜೊತೆಗೆ ಬೆಂಕಿ ಆರಿಸುವುದು, ಔಷಧ ಕೊಡುವುದು ಎಲ್ಲಕ್ಕೂ ಮುಂದಾದರು. ಮಂಗೇಶರಾವ್ ರೇಗೆಯವರು ಲೆಕ್ಕಪತ್ರಗಳನ್ನು ನೋಡಿಕೊಂಡರು. ಶಾಲೆಯನ್ನು ನಡುವೆಯೇ ಬಿಟ್ಟಿದ್ದ ಅನಂತರಾವ್ ಫಳಣೀಕರರು ಹೊಸಹೊಸ ಯಂತ್ರಗಳನ್ನು ಕಲ್ಪಿಸಬಲ್ಲ ಕುಶಲಿಯಾದರು. ದರೋಡೆಯ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದ್ದ ಇಬ್ಬರನ್ನು ಲಕ್ಷ್ಮಣರಾಯರು ರಾತ್ರಿಯ ಕಾವಲಿಗೆ ನೇಮಿಸಿದರು. ಅವರು ನಂಬಿಕೆಯನ್ನು ಕೆಡಿಸಲಿಲ್ಲ. ಮನುಷ್ಯನು ಮೂಲತಃ ಒಳ್ಳೆಯವನೆಂಬುದು ಲಕ್ಷ್ಮಣರಾಯರ ನಿಷ್ಠೆ. ಅಸ್ಪೃಶ್ಯತೆಯನ್ನು ಅವರು ತಮ್ಮ ಊರಿನಲ್ಲಿ ನಿಷೇಧಿಸಿದರು. ನೂರು ವರ್ಷಗಳ ಹಿಂದೆ ಇದು ಸುಲಭದ ಮಾತಾಗಿರಲಿಲ್ಲ. ಶಾಲೆಯ ಪರೀಕ್ಷೆಯಲ್ಲಿ ಸೋತವನಿಗೂ ಸಮಾಜವು ತಳ್ಳಿದವನಿಗೂ ಅಲ್ಲಿ ಎರಡನೆಯ ಅವಕಾಶವಿತ್ತು.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಪರದೇಶದ ನೇಗಿಲುಗಳು ಬರುವುದು ಕಡಿಮೆಯಾಗಿ ಕಿರ್ಲೋಸ್ಕರರ ನೇಗಿಲಿಗೆ ಬೇಡಿಕೆ ಹೆಚ್ಚಿತು. ಆದರೆ ಎರಕಕ್ಕೆ ಬೇಕಾದ ಕಬ್ಬಿಣವೇ ಸಿಗದಾಯಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಕೋಟೆಗಳ ಹಳೆಯ ತೋಪುಗಳನ್ನು ಕೊಡಿಸಿದರು. ಆ ತೋಪುಗಳು ಕುಲುಮೆಯಲ್ಲಿ ಕರಗಿ ನೇಗಿಲುಗಳಾದವು. ಜಗತ್ತೆಲ್ಲ ಕಬ್ಬಿಣವನ್ನು ತೋಪು ಮಾಡುತ್ತಿದ್ದ ವರ್ಷಗಳಲ್ಲಿ ಕಿರ್ಲೋಸ್ಕರವಾಡಿಯು ತೋಪನ್ನು ನೇಗಿಲು ಮಾಡಿತು.

ಯುದ್ಧವು ಮುಗಿದ ಮೇಲೆ, ೧೯೨೦ರಲ್ಲಿ, ಎರಡು ಮುಖ್ಯ ಸಂಗತಿಗಳು ನಡೆದವು. ಕಿರ್ಲೋಸ್ಕರ ಬ್ರದರ್ಸ್ ಎಂಬ ಮರ್ಯಾದಿತ ಕಂಪನಿಯು ಸ್ಥಾಪಿತವಾಯಿತು. ಎರಡನೆಯದು ನಮ್ಮ ಈ ಕಥೆಗೆ ಇನ್ನೂ ಹತ್ತಿರದ್ದು. ಕಿರ್ಲೋಸ್ಕರ ಖಬರ ಎಂಬ ಮರಾಠಿ ಪತ್ರಿಕೆಯು ಹೊರಟಿತು. ಮನೆತನದವರೇ ಆದ ಶಂಕರರಾವ್ ಕಿರ್ಲೋಸ್ಕರರು ಅದರ ಸಂಪಾದಕರು. ಕಾರ್ಖಾನೆಯ ಮಾಲುಗಳ ಪರಿಚಯವನ್ನು ಜನರಿಗೆ ಮಾಡಿಕೊಡುವುದು ಅದರ ಮೊದಲಿನ ಉದ್ದೇಶ. ಆದರೆ ನೇಗಿಲಿನ ಗುಣವನ್ನು ಹೇಳಹೊರಟ ಪತ್ರಿಕೆಯು ಅಷ್ಟಕ್ಕೇ ನಿಲ್ಲಲಿಲ್ಲ. ಉದ್ಯೋಗ, ಸ್ವಾವಲಂಬನೆ, ಸಮಾಜಸುಧಾರಣೆಗಳ ವಿಚಾರಗಳು ಅದರಲ್ಲಿ ಬರತೊಡಗಿದವು. ಹೆಸರಿನಲ್ಲಿದ್ದ ಖಬರ ಎಂಬ ಪದವು ಕಾಲಾಂತರದಲ್ಲಿ ಬಿದ್ದುಹೋಗಿ, ಕಿರ್ಲೋಸ್ಕರ ಎಂಬ ಹೆಸರಿನಿಂದ ಅದು ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಯಿತು. ೧೯೩೦ರಲ್ಲಿ ಸ್ತ್ರೀಯರಿಗಾಗಿ ಸ್ತ್ರೀ ಎಂಬ ಮಾಸಪತ್ರಿಕೆಯೂ, ೧೯೩೪ರಲ್ಲಿ ಮನೋಹರ ಎಂಬ ಪತ್ರಿಕೆಯೂ ಅದರ ಬೆನ್ನಿಗೆ ಬಂದವು. ಮುಂದೆ ಈ ಪತ್ರಿಕೆಗಳು ಪುಣೆಗೆ ಬಂದು ನೆಲಸಿದವು.

ಹಿಂದೆ ಹೇಳಿದ ಗರ್ನ್ಸ್‌ಬ್ಯಾಕನನ್ನು ಈಗ ನೆನೆಯಿರಿ. ನ್ಯೂಯಾರ್ಕಿನಲ್ಲಿ ನಿಸ್ತಂತು ಯಂತ್ರದ ಪಟ್ಟಿಪುಸ್ತಕವು ಪತ್ರಿಕೆಯಾದಂತೆ, ಕಳ್ಳಿ ಕಡಿದ ಬಯಲಿನಲ್ಲಿ ನೇಗಿಲಿನ ಪ್ರಚಾರವು ಪತ್ರಿಕೆಯಾಯಿತು. ಒಬ್ಬರನ್ನೊಬ್ಬರು ಕಾಣದ ಇಬ್ಬರು ಒಂದೇ ಸತ್ಯಕ್ಕೆ ಬಂದು ತಲುಪಿದ್ದರು: ಹೊಸ ವಸ್ತುವನ್ನು ಕೊಡುವವನು ಅದನ್ನು ಬಳಸುವ ತಿಳಿವಳಿಕೆಯನ್ನೂ ಕೊಡಬೇಕು. ಎರಡು ವರ್ಷ ಮಾರಾಟವಾಗದೆ ಬಿದ್ದಿದ್ದ ಆ ನೇಗಿಲು ಲಕ್ಷ್ಮಣರಾಯರಿಗೆ ಕಲಿಸಿದ ಪಾಠವೂ ಇದೇ ಆಗಿತ್ತು. ಒಂದು ಕಾಲಕ್ಕೆ ಟಪಾಲಿನಿಂದ ವಿದ್ಯೆಯನ್ನು ಪಡೆದ ಮನೆಯು ಈಗ ಅದೇ ಟಪಾಲಿನಿಂದ ವಿದ್ಯೆಯನ್ನು ಹಂಚತೊಡಗಿತು. ಸಾಲವು ಹೀಗೆ ತೀರಿತು.

ಮುಂದಿನ ಕಥೆಯು ವಿಸ್ತಾರವಾದುದು, ಸಂಕ್ಷೇಪವಾಗಿ ಹೇಳುತ್ತೇನೆ. ಹಿರಿಯ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ ೧೯೨೬ರಲ್ಲಿ ಎಂಜಿನಿಯರರಾಗಿ ಮರಳಿದರು. ತಂದೆಯ ಬಳಿಗೆ ಪತ್ರಿಕೆಗಳ ರೂಪದಲ್ಲಿ ಬಂದಿದ್ದ ದೇಶಕ್ಕೆ ಮಗನು ಸ್ವತಃ ಹೋಗಿಬಂದನು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ನೀರೆತ್ತುವ ಪಂಪು, ಎಂಜಿನ್ನುಗಳು ತಯಾರಾದವು. ೧೯೪೧ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯು ತಲೆಯೆತ್ತಿತು. ಯಂತ್ರಗಳನ್ನು ಮಾಡುವ ಯಂತ್ರಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಎಷ್ಟೋ ಕನ್ನಡಿಗರ ಮನೆಗಳಿಗೆ ಅನ್ನ ಕೊಟ್ಟ ಆ 'ಕಿರ್ಲೋಸ್ಕರ್' ಕಾಲಾಂತರದಲ್ಲಿ ಮುಚ್ಚಿಹೋದುದು ದುಃಖದ ಸಂಗತಿ. ೧೯೪೬ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೂ, ಪುಣೆಯ ಖಡಕಿಯಲ್ಲಿ ತೈಲ ಎಂಜಿನ್ನುಗಳ ಕಾರ್ಖಾನೆಯೂ ಆರಂಭವಾದವು. ಹೀಗೆ ಬೆಳಗಾವಿಯಿಂದ ಹೊರಬೀಳಬೇಕಾಗಿ ಬಂದವರ ಉದ್ಯಮವು ಕನ್ನಡ ಮತ್ತು ಮರಾಠಿ ನಾಡುಗಳೆರಡರಲ್ಲಿಯೂ ಬೇರುಬಿಟ್ಟಿತು.

ಲಕ್ಷ್ಮಣರಾಯರು ೧೯೫೬ನೆಯ ಇಸವಿ ಸಪ್ಟಂಬರ ೨೬ರಂದು ತೀರಿಕೊಂಡರು. ಆಗ ಅವರಿಗೆ ೮೭ ವರ್ಷಗಳ ವಯಸ್ಸು. ೧೯೬೯ರಲ್ಲಿ ಅವರ ಜನ್ಮಶತಾಬ್ದಿಯ ನಿಮಿತ್ತ ಭಾರತ ಸರಕಾರವು ಅವರ ಚಿತ್ರವುಳ್ಳ ಟಪಾಲು ಚೀಟಿಯನ್ನು ಹೊರಡಿಸಿತು. ಯಾವ ಟಪಾಲು ಅವರಿಗೆ ಗುರುವನ್ನು ತಂದುಕೊಟ್ಟಿತೋ ಅದೇ ಟಪಾಲು ಅವರ ಮುಖವನ್ನು ದೇಶದ ಮೂಲೆಮೂಲೆಗೆ ಹೊತ್ತುಕೊಂಡು ಹೋಯಿತು. ಅವರಿಗೆ ಇದಕ್ಕಿಂತ ತಕ್ಕ ಗೌರವವು ಇನ್ನಾವುದಿದ್ದೀತು!

ವಿದ್ಯಾರ್ಥಿಗಳೇ, ಈಗ ಕಾಲವು ಬದಲಾಗಿದೆ. ಫೋನಿನ ಗಾಜಿನ ಮೇಲೆ ಬೆರಳಿಟ್ಟರೆ ಸಾಕು, ಬೇಕಾದ ವಸ್ತು ಬಾಗಿಲಿಗೆ ಬರುತ್ತದೆ. ಬೇಕಾದ ಪಾಠವೂ ಅದೇ ಗಾಜಿನಲ್ಲಿ ಬರುತ್ತದೆ. ಲಕ್ಷ್ಮಣರಾಯರು ತಿಂಗಳುಗಟ್ಟಲೆ ಹಾದಿ ಕಾಯಬೇಕಾಗಿದ್ದುದು ನಿಮಗೆ ಕ್ಷಣಮಾತ್ರದಲ್ಲಿ ಸಿಗುತ್ತದೆ. ಆದರೆ ಬಂದುದನ್ನು ಏನು ಮಾಡಬೇಕೆಂಬ ಪ್ರಶ್ನೆಯು ಹಳೆಯದೇ. ಕೊಂಡು, ಬಳಸಿ, ಬಿಸಾಡುವುದೇ? ಇಲ್ಲವೆ ಬಿಚ್ಚಿ, ನೋಡಿ, ತಿಳಿದು, ತಿರುಗಿ ಕಟ್ಟುವುದೇ?

ನನ್ನ ಬಳಿಗೆ ಬಂದು ಪ್ರಶ್ನೆ ಕೇಳಿದ ಆ ಹುಡುಗನಿಗೆ ಈಗ ನಾಲ್ಕು ಮಾತುಗಳನ್ನು ಹೇಳಬಲ್ಲೆನು. ಯಂತ್ರವಿದ್ಯೆಯ ಹಾದಿ ನಿನಗೆ ಸುಲಭವೆಂದು ನಾನು ಹೇಳಲಾರೆ. ಲಕ್ಷ್ಮಣರಾಯರಿಗೆ ಬೆನ್ನಿಗೆ ನಿಲ್ಲುವ ಅಣ್ಣನಿದ್ದನು, ಕೈಹಿಡಿಯುವ ಅರಸನು ಸಿಕ್ಕನು. ಎಲ್ಲರಿಗೂ ಅಂಥ ಭಾಗ್ಯವಿರುವುದಿಲ್ಲ. ಆದರೆ ಅವರ ಕಣ್ಣಿಗೆ ಬಣ್ಣ ಕಾಣದಾದಾಗ ಯಾವ ಅಣ್ಣನೂ ಯಾವ ಅರಸನೂ ಕಣ್ಣನ್ನು ಕೊಡಲಿಲ್ಲ. ಇರುವ ಕಣ್ಣಿನಿಂದಲೇ ಅವರು ಗೆರೆಯನ್ನು ನೋಡಲು ಕಲಿತರು. ಕನ್ನಡದಲ್ಲಿ ಚೆನ್ನಾಗಿ ಓದಿ ತಿಳಿಯಬಲ್ಲವನು ಬೇರೆ ಭಾಷೆಯ ಹಾಳೆಯನ್ನೂ ಮೆಲ್ಲಗೆ ಬಿಡಿಸಬಲ್ಲನು. ಗಣಿತದಲ್ಲಿ ಗುಣಗಳು ಕಡಿಮೆ ಬಂದರೆ ಇನ್ನೊಮ್ಮೆ ಕುಳಿತು ಅಭ್ಯಾಸ ಮಾಡು. ನಾನೂ ನಿನ್ನ ಜೊತೆಗೆ ಕುಳಿತುಕೊಳ್ಳುತ್ತೇನೆ. ಶಾಲೆಯನ್ನು ಮಾತ್ರ ಬಿಡಬೇಡ.

ಊರಿಗೆ ಹೋದಾಗ ನಮ್ಮ ಮಾಡವನ್ನು ಹುಡುಕಬೇಕೆಂದಿದ್ದೇನೆ. ಆ ಮೂಕ ರೇಡಿಯೋ ಇನ್ನೂ ಅಲ್ಲಿದ್ದರೆ ತರುತ್ತೇನೆ. ನಾವಿಬ್ಬರೂ ಕೂಡಿ ಬಿಚ್ಚಿ ನೋಡೋಣ.